ಅದೇ ಮುಖ, ಬೇರೆ ಬೆಳಕು: ಸ್ವ-ಭಾವಚಿತ್ರ ಬರೆಯುವ ಕಲಾ ವಿದ್ಯಾರ್ಥಿಗೆ ಸಮಗ್ರ ಮಾರ್ಗದರ್ಶಿ

ಕಲಾಶಾಲೆಯಲ್ಲಿ ಎರಡನೇ ವರ್ಷ ಮುಗಿಯುವ ಹೊತ್ತಿಗೆ ಬಹುತೇಕ ವಿದ್ಯಾರ್ಥಿಗಳ ಫೋಲ್ಡರಿನಲ್ಲಿ ತಮ್ಮದೇ ಮುಖದ ಹತ್ತಾರು ಚಿತ್ರಗಳು ಸೇರಿರುತ್ತವೆ. ನೆಲದ ಮೇಲೆ ಹರಡಿ ನೋಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಮುಕ್ಕಾಲು ತಿರುಗಿದ ಮುಖ, ನೆಟ್ಟ ನೋಟ, ಬಿಗಿದ ತುಟಿ, ಖಾಲಿ ಹಿನ್ನೆಲೆ. "ಹೊಸದೇನೂ ಹೊಳೀತಿಲ್ಲ ಸರ್" ಎಂಬ ಮಾತು ಬರುವುದು ಆಗಲೇ. ಹೊಳೆಯಲಿ ಎಂದು ಕಾದು ಕೂತವರಿಗಿಂತ ಕನ್ನಡಿಯ ಜಾಗವನ್ನೋ, ದೀಪವನ್ನೋ, ಕೂರುವ ದೂರವನ್ನೋ ಬದಲಿಸಿ ಕೆಲಸಕ್ಕೆ ಇಳಿದವರಿಗೆ ಬೇಗ ದಾರಿ ಸಿಕ್ಕಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹೊಸತನ ಇರುವುದು ನೋಡುವ ಪರಿಸ್ಥಿತಿಯಲ್ಲಿ. ಒಂದೊಂದೇ ಅಂಶವನ್ನು ಬೇಕೆಂದೇ ಬದಲಿಸುತ್ತಾ ಸರಣಿಯಾಗಿ ಬರೆಯುವುದು ಹೇಗೆ ಎಂಬುದೇ ಈ ಬರಹದ ವಿಷಯ. ಆದರೆ ಅದಕ್ಕೂ ಮೊದಲು ಬುನಾದಿ ಗಟ್ಟಿಯಿರಬೇಕು, ಹಾಗಾಗಿ ಕನ್ನಡಿಯಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ಕೂರುವ ವ್ಯವಸ್ಥೆ

ಸ್ವ-ಭಾವಚಿತ್ರದಲ್ಲಿ ಮಾಡೆಲ್ಲೂ ನೀವೇ, ಬರೆಯುವವರೂ ನೀವೇ. ತಲೆ ಅಲುಗಿದರೆ ಮಾಡೆಲ್ ಅಲುಗಿದ ಹಾಗೆ. ಹಾಳೆ ನೋಡಲು ಬಗ್ಗಿ, ಕನ್ನಡಿ ನೋಡಲು ಎದ್ದು, ಹೀಗೆ ಪ್ರತಿ ಸಲ ಬೇರೆ ಕೋನ ಸಿಗುತ್ತಿರುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ.

ಕನಿಷ್ಠ 12×16 ಇಂಚಿನ, ಅಲೆಯಿಲ್ಲದ ಕನ್ನಡಿ ತನ್ನಿ. ಗಾಜಿನ ಅಂಗಡಿಯಲ್ಲಿ ಅಳತೆ ಹೇಳಿ ಕೊಯ್ಸಿಕೊಂಡರೆ ಅಂಚು ಉಜ್ಜಿಸಿಕೊಳ್ಳುವುದನ್ನು ಮರೆಯಬೇಡಿ. ಅದನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಬಲಗೈಯವರಾದರೆ ಕನ್ನಡಿ ಎಡಕ್ಕೆ, ಬೋರ್ಡು ಬಲಕ್ಕೆ ಇರಲಿ. ಎಡಗೈಯವರಿಗೆ ಇದು ತಿರುಗುಮುರುಗು. ಹೀಗಿಟ್ಟರೆ ಬರೆಯುವ ಕೈ ಕನ್ನಡಿಗೆ ಅಡ್ಡ ಬರುವುದಿಲ್ಲ. ಬೋರ್ಡು ನೆಟ್ಟಗೆ, ಕನ್ನಡಿಯ ಪಕ್ಕದಲ್ಲೇ ಇರಬೇಕು. ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ ಎರಡನ್ನೂ ನೋಡುವಂತಾದರೆ ವ್ಯವಸ್ಥೆ ಸರಿಯಾಗಿದೆ ಎಂದರ್ಥ. ಕುರ್ಚಿಯ ಕಾಲು, ನಿಮ್ಮ ಪಾದ, ಈಸೆಲ್‌ನ ಕಾಲು ಇರುವಲ್ಲೆಲ್ಲ ನೆಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕನ್ನಡಿಯ ಮೇಲೆ ಮೂಗಿನ ತುದಿ ಕಾಣುವ ಜಾಗದಲ್ಲಿ ಒಂದು ಸಣ್ಣ ಚುಕ್ಕೆ ಇಡಿ. ಊಟಕ್ಕೆ ಎದ್ದು ಬಂದ ಮೇಲೆ ಮೂಗನ್ನು ಆ ಚುಕ್ಕೆಗೆ ಹೊಂದಿಸಿದರೆ ಹಳೆಯ ಭಂಗಿ ವಾಪಸ್ ಸಿಗುತ್ತದೆ.

ಬೆಳಕು ಒಂದೇ ಕಡೆಯಿಂದ ಬರಲಿ. ಹಾಸ್ಟೆಲ್ ಕೋಣೆಯ ಟ್ಯೂಬ್‌ಲೈಟ್ ಮೇಲಿನಿಂದ ಚೆಲ್ಲುವ ಬೆಳಕಿನಲ್ಲಿ ಮುಖದ ಉಬ್ಬುತಗ್ಗು ಚಪ್ಪಟೆಯಾಗುತ್ತದೆ. ಅದನ್ನು ಆರಿಸಿ, ಒಂದು ಕಿಟಕಿ ಅಥವಾ ಪಕ್ಕಕ್ಕೆ ಸ್ವಲ್ಪ ಎತ್ತರದಲ್ಲಿ ಒಂದು ಟೇಬಲ್ ದೀಪ ಇಟ್ಟುಕೊಳ್ಳಿ. ಬಿಸಿಲು ನೇರ ಬೀಳದ ಉತ್ತರದ ಕಿಟಕಿ ಸಿಕ್ಕರೆ ನಿಮ್ಮ ಅದೃಷ್ಟ. ಉಳಿದ ಕಿಟಕಿಗಳಲ್ಲಿ ಎರಡು ಗಂಟೆಯೊಳಗೆ ನೆರಳು ಜಾಗ ಬದಲಿಸಿರುತ್ತದೆ. ನಾಳೆ ಅದೇ ಹೊತ್ತಿಗೆ ಮತ್ತೆ ಕೂರಿ, ಬೇರೆ ಬೆಳಕಿನಲ್ಲಿ ಅದೇ ಚಿತ್ರವನ್ನು ಮುಂದುವರಿಸಬೇಡಿ.

ಎರಡನೇ ಹೆಜ್ಜೆ: ಕನ್ನಡಿಯ ಮೇಲೆಯೇ ಅಳೆಯಿರಿ

ಇದು ನನಗೆ ಬಹಳ ಇಷ್ಟವಾದ ಅಭ್ಯಾಸ. ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ, ಸೋಪಿನ ಚೂರು ಅಥವಾ ವೈಟ್‌ಬೋರ್ಡ್ ಮಾರ್ಕರ್‌ನಿಂದ ಕನ್ನಡಿಯ ಗಾಜಿನ ಮೇಲೆ ಗುರುತು ಹಾಕಿ: ನೆತ್ತಿ, ಕೂದಲಂಚು, ಹುಬ್ಬು, ಕಣ್ಣಿನ ಗೆರೆ, ಮೂಗಿನ ಬುಡ, ತುಟಿ ಸೇರುವ ಗೆರೆ, ಗಲ್ಲ, ಎರಡು ಕಿವಿ. ಈಗ ಪಕ್ಕಕ್ಕೆ ಸರಿದು ಸ್ಕೇಲಿನಲ್ಲಿ ಅಳೆಯಿರಿ. ಗಲ್ಲದಿಂದ ನೆತ್ತಿಗೆ ಸುಮಾರು 11 ಸೆಂಟಿಮೀಟರ್ ಬಂದರೆ ಗಾಬರಿಯಾಗಬೇಡಿ. ನೀವು ಕನ್ನಡಿಯಿಂದ ಎಷ್ಟೇ ದೂರ ಕೂತರೂ ಗಾಜಿನ ಮೇಲಿನ ಆ ಗುರುತು ನಿಜ ಮುಖದ ಅರ್ಧದಷ್ಟೇ ಇರುತ್ತದೆ. ನೀವು ಕನ್ನಡಿಯಿಂದ ಎಷ್ಟು ಮುಂದೆ ಇದ್ದೀರೋ ಪ್ರತಿಬಿಂಬ ಅಷ್ಟೇ ಹಿಂದೆ ಇರುತ್ತದೆ, ಗಾಜು ಸರಿಯಾಗಿ ನಡುವೆ ಬರುತ್ತದೆ. ಅದೇ ಕಾರಣ. ಹಾಗಾಗಿ ಪ್ರತಿ ಅಳತೆಯನ್ನೂ ಎರಡರಿಂದ ಗುಣಿಸಿ ಹಾಳೆಗೆ ಇಳಿಸಿದರೆ ನಿಜ ಗಾತ್ರದ ತಲೆ ಸಿಗುತ್ತದೆ.

ಅಳೆದಾಗ ಬಹುಪಾಲು ಜನರಿಗೆ ಅಚ್ಚರಿ ತರುವುದು ಕಣ್ಣಿನ ಜಾಗ. ನೆತ್ತಿ ಮತ್ತು ಗಲ್ಲದ ಸರಿಸುಮಾರು ಮಧ್ಯಕ್ಕೆ ಕಣ್ಣುಗಳಿರುತ್ತವೆ. ನಾವು ಮುಖ ಎಂದರೆ ಕಣ್ಣು, ಮೂಗು, ಬಾಯಿ ಎಂದುಕೊಂಡು ಅವಕ್ಕೇ ಹೆಚ್ಚು ಜಾಗ ಕೊಟ್ಟು ಹಣೆ, ತಲೆಬುರುಡೆಗಳನ್ನು ಕತ್ತರಿಸಿಬಿಡುತ್ತೇವೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನ ಅಗಲ, ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ ಎಂಬುವು ಶಾಲೆಯಲ್ಲಿ ಹೇಳಿಕೊಡುವ ಸೂತ್ರಗಳು. ಅವುಗಳನ್ನು ನಿಮ್ಮ ಅಳತೆಯೊಂದಿಗೆ ಹೋಲಿಸಿ, ಎಲ್ಲಿ ನಿಮ್ಮ ಮುಖ ಸೂತ್ರಕ್ಕೆ ಹೊಂದುವುದಿಲ್ಲವೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೋಲಿಕೆ ಬರುವುದೇ ಆ ವ್ಯತ್ಯಾಸಗಳಿಂದ.

ಮೂರನೇ ಹೆಜ್ಜೆ: ಇದ್ದಿಲಿನಲ್ಲಿ ಮೂರು ಟೋನ್

ಕಾರ್ಟ್ರಿಜ್ ಹಾಳೆ, ವಿಲೋ ಚಾರ್‌ಕೋಲ್, ಒಂದು ಹಳೆಯ ಹತ್ತಿ ಬಟ್ಟೆ, ನಾದುವ ರಬ್ಬರ್ ಇಷ್ಟು ಸಾಕು. ಹಾಳೆಗೆಲ್ಲ ತೆಳುವಾಗಿ ಇದ್ದಿಲು ಸವರಿ ಬಟ್ಟೆಯಿಂದ ಒರೆಸಿ ನಡುಬೂದು ಮಾಡಿಕೊಳ್ಳಿ. ಕಣ್ಣು ಕಿರಿದಾಗಿಸಿ ಕನ್ನಡಿ ನೋಡಿದರೆ ಮುಖ ಮೂರು ತುಂಡಾಗಿ ಕಾಣುತ್ತದೆ: ಬೆಳಕಿನ ಭಾಗ, ನೆರಳಿನ ಭಾಗ, ಅತಿ ಕಪ್ಪು. ನೆರಳನ್ನು ಇದ್ದಿಲಿನಿಂದ ಕೂರಿಸಿ, ಬೆಳಕನ್ನು ರಬ್ಬರಿನಿಂದ ಎತ್ತಿ. ರೆಪ್ಪೆ, ಹುಬ್ಬಿನ ಕೂದಲು, ತುಟಿಯ ಗೆರೆ ಇವುಗಳನ್ನು ಮೊದಲ ಒಂದು ಗಂಟೆ ಮುಟ್ಟಲೇಬೇಡಿ. ನೆರಳಿನ ಆಕಾರ ಸರಿಯಿದ್ದರೆ ಕಣ್ಣು ಬರೆಯುವ ಮುಂಚೆಯೇ "ಇದು ನಾನು" ಅನ್ನಿಸುತ್ತದೆ. ಅನ್ನಿಸದಿದ್ದರೆ ಎಷ್ಟು ಚೆಂದದ ರೆಪ್ಪೆ ಬರೆದರೂ ಪ್ರಯೋಜನವಿಲ್ಲ.

ಇದರ ಜೊತೆಗೆ ಪ್ರತಿ ಬಾರಿ ಕೂರುವ ಮುನ್ನ ಹಾಳೆ ನೋಡದೆ ಒಂದೇ ಗೆರೆಯಲ್ಲಿ ಮುಖ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಕಣ್ಣು ಕನ್ನಡಿಯ ಮೇಲೆ, ಪೆನ್ನು ಹಾಳೆಯ ಮೇಲೆ, ಎರಡೂ ಒಂದೇ ವೇಗದಲ್ಲಿ ನಿಧಾನವಾಗಿ ಸಾಗಬೇಕು. ಚಿತ್ರ ಸೊಟ್ಟಗಾಗುತ್ತದೆ, ಆಗಲಿ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ನರ್ತಕಿಯ, ವಾದ್ಯಗಾರರ ಚಲನೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದುದನ್ನು ನೋಡಿ. ಗೆರೆಗೆ ಆ ಧೈರ್ಯ ಬರಬೇಕಾದರೆ ಕಣ್ಣು ಮತ್ತು ಕೈ ನಡುವಿನ ಅಂಜಿಕೆ ಹೋಗಬೇಕು.

ಕನ್ನಡಿ ಮತ್ತು ಮೊಬೈಲ್ ಮಾಡುವ ಮೋಸ

ಕನ್ನಡಿಯಲ್ಲಿ ಎಡ-ಬಲ ಅದಲುಬದಲು. ವಿನ್ಸೆಂಟ್ ವ್ಯಾನ್ ಗೋ 1889ರ ಜನವರಿಯಲ್ಲಿ ಬರೆದ, ಕಿವಿಗೆ ಪಟ್ಟಿ ಕಟ್ಟಿಕೊಂಡ ಚಿತ್ರದಲ್ಲಿ ಗಾಯ ಬಲಗಿವಿಗೆ ಆದಂತೆ ಕಾಣುತ್ತದೆ. ಕೊಯ್ದುಕೊಂಡದ್ದು ಎಡಗಿವಿ. ಆತ ಕನ್ನಡಿಯಲ್ಲಿ ಕಂಡದ್ದನ್ನೇ ಬರೆದ. ನಿಮ್ಮ ಚಿತ್ರ ನೋಡಿ ಗೆಳೆಯರು "ಏನೋ ಒಂಚೂರು ಬೇರೆ ಕಾಣ್ತೀಯ" ಎಂದರೆ ಅದಕ್ಕೂ ಇದೇ ಕಾರಣವಿರಬಹುದು. ಯಾರ ಮುಖದ ಎರಡು ಬದಿಗಳೂ ಸಮವಲ್ಲ, ಅವರಿಗೆ ರೂಢಿಯಾಗಿರುವುದು ತಿರುಗದ ಮುಖ. ಎರಡು ಕನ್ನಡಿಗಳನ್ನು ಗೋಡೆಯ ಮೂಲೆಯ ಹಾಗೆ 90 ಡಿಗ್ರಿಗೆ ಜೋಡಿಸಿ ಆ ಸಂದಿಯಲ್ಲಿ ನೋಡಿದರೆ ಇತರರು ಕಾಣುವ ಮುಖ ನಿಮಗೂ ಕಾಣುತ್ತದೆ. ಬೈತಲೆ ಮತ್ತೊಂದು ಕಡೆಗೆ ಹೋಗಿರುವುದನ್ನು ನೋಡಿದಾಗ ಸ್ವಲ್ಪ ಹೊತ್ತು ಅಪರಿಚಿತರೆದುರು ಕೂತಂತಾಗುತ್ತದೆ. ಬೇಗ ಒಂದು ಸ್ಕೆಚ್ ಮಾಡಿಕೊಳ್ಳಿ, ಆ ಅಪರಿಚಿತತನ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಫೋಟೊ ನೋಡಿ ಬರೆಯುವುದು ತಪ್ಪೇನಲ್ಲ. ಆದರೆ ಕೈಯಳತೆಯಲ್ಲಿ ಹಿಡಿದ ಸೆಲ್ಫಿಯಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಮುಖದ ಪ್ರಮಾಣವೇ ಬದಲಾಗಿರುತ್ತದೆ. ಕ್ಯಾಮೆರಾ ತೀರ ಹತ್ತಿರವಿರುವುದರ ಫಲ ಅದು. ಫೋನನ್ನು ಐದಾರು ಅಡಿ ದೂರದಲ್ಲಿ ಕಣ್ಣಿನ ಎತ್ತರಕ್ಕಿಟ್ಟು, ಹಿಂದಿನ ಕ್ಯಾಮೆರಾದಲ್ಲಿ ಟೈಮರ್ ಹಾಕಿ ತೆಗೆಯಿರಿ. ಬ್ಯೂಟಿ ಫಿಲ್ಟರ್ ಆಫ್ ಆಗಿದೆಯೇ ನೋಡಿಕೊಳ್ಳಿ. ಬೇರೆಯದನ್ನು ಹೇಳದೆ ಬಿಟ್ಟರೂ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೆಲವು ಫೋನುಗಳಲ್ಲಿ ಅದು ತಾನಾಗಿಯೇ ಚಾಲೂ ಇದ್ದು ಚರ್ಮ ನುಣುಪಾಗಿಸಿ ಬಣ್ಣ ತಿಳಿಯಾಗಿಸುತ್ತದೆ.

ನಾಲ್ಕನೇ ಹೆಜ್ಜೆ: ಮೈಬಣ್ಣವನ್ನು ಕಲಸುವುದು

ಅಂಗಡಿಯಲ್ಲಿ 'ಫ್ಲೆಶ್ ಟಿಂಟ್' ಎಂಬ ಟ್ಯೂಬು ಸಿಗುತ್ತದೆ. ತಿಳಿ ಗುಲಾಬಿಯ ಆ ಬಣ್ಣ ನಮ್ಮಲ್ಲಿ ಬಹುತೇಕರ ಚರ್ಮದ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ಕೊಳ್ಳಬೇಡಿ. ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ, ಕ್ರಿಮ್ಸನ್, ಅಲ್ಟ್ರಾಮರೀನ್, ಟೈಟಾನಿಯಂ ವೈಟ್, ಈ ಐದರಲ್ಲಿ ಎಣ್ಣೆಗೆಂಪಿನಿಂದ ಕಡುಗಪ್ಪಿನವರೆಗೆ ಎಲ್ಲ ಮೈಬಣ್ಣವೂ ಬರುತ್ತದೆ. ಇನ್ನೂ ಬಿಗಿಯಾದ ಶಿಸ್ತು ಬೇಕೆಂದರೆ ಸ್ವೀಡನ್ನಿನ ಆಂಡರ್ಸ್ ಜೋರ್ನ್ ಹೆಸರಲ್ಲಿ ಪ್ರಸಿದ್ಧವಾದ ನಾಲ್ಕು ಬಣ್ಣಗಳ ಪ್ಯಾಲೆಟ್ ಹಿಡಿಯಿರಿ: ಓಕರ್, ವರ್ಮಿಲಿಯನ್, ಐವರಿ ಬ್ಲ್ಯಾಕ್, ಬಿಳಿ. 1896ರ ತನ್ನ ಸ್ವ-ಭಾವಚಿತ್ರದಲ್ಲಿ ಆತ ಹಿಡಿದಿರುವ ಪ್ಯಾಲೆಟ್ಟಿನಲ್ಲೂ ಬಣ್ಣಗಳು ಅಷ್ಟೇ ಮಿತ.

ಓಕರ್ ಮತ್ತು ಸಿಯೆನಾ ಕಲಸಿ ನಡುಟೋನ್ ಮಾಡಿಕೊಳ್ಳಿ. ನೆರಳಿಗೆ ಕಪ್ಪು ಸುರಿಯದೆ ಸಿಯೆನಾಗೆ ಅಲ್ಟ್ರಾಮರೀನ್ ಸೇರಿಸಿ. ನಂತರ ಮುಖವನ್ನು ಪ್ರದೇಶಗಳಾಗಿ ನೋಡಿ. ಹಣೆ ಹಳದಿಯತ್ತ ವಾಲುತ್ತದೆ. ಮೂಗು, ಕೆನ್ನೆ, ಕಿವಿಯಲ್ಲಿ ರಕ್ತಸಂಚಾರದ ಕೆಂಪು ಇರುತ್ತದೆ. ಗಲ್ಲ ಮತ್ತು ಬಾಯಿಯ ಸುತ್ತ, ಅದರಲ್ಲೂ ಗಡ್ಡ ಬೋಳಿಸಿದ ಮುಖದಲ್ಲಿ, ಬೂದು-ಹಸಿರು ಸುಳಿಯುತ್ತದೆ. ಕಪ್ಪು ಮೈಬಣ್ಣದಲ್ಲಿ ಹೊಳಪಿನ ಜಾಗಗಳು ಬೆಳಕಿನ ಬಣ್ಣವನ್ನೇ ಪ್ರತಿಫಲಿಸುತ್ತವೆ. ಕಿಟಕಿಯ ಆಕಾಶದ ನೀಲಿ ಹಣೆಯ ಮೇಲೆ, ಕೆನ್ನೆಮೂಳೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಬರೀ ಬಿಳಿ ಸೇರಿಸಿದರೆ ಚರ್ಮ ಸುಣ್ಣ ಬಳಿದಂತಾಗುತ್ತದೆ.

ತಮ್ಮನ್ನು ತಾವು ಬರೆಯುವಾಗ ಒಂದೆರಡು ಛಾಯೆ ತಿಳಿಯಾಗಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ, ಎಷ್ಟು ಆಳವಾಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಮನೆಯಲ್ಲಿ, ಮದುವೆ ಮಾತುಕತೆಯಲ್ಲಿ, ಜಾಹೀರಾತಿನಲ್ಲಿ ಕೇಳಿದ ಮಾತುಗಳು ಕುಂಚಕ್ಕೂ ಇಳಿಯುತ್ತವೆ. ಪರೀಕ್ಷೆ ಸರಳ: ಕಲಸಿದ ಬಣ್ಣವನ್ನು ಮುಂಗೈ ಹಿಂಭಾಗಕ್ಕೆ ಚೂರು ಹಚ್ಚಿ, ಚಿತ್ರಕ್ಕೆ ಬೀಳುವ ಅದೇ ಬೆಳಕಿನಲ್ಲಿ ನೋಡಿ. ಚರ್ಮದಲ್ಲಿ ಕರಗಿ ಕಾಣೆಯಾದರೆ ಬಣ್ಣ ಸರಿಯಿದೆ. (ನೀರಿನ ಬಣ್ಣ, ಅಕ್ರಿಲಿಕ್ ಆದರೆ ಮಾತ್ರ ಹೀಗೆ ಮಾಡಿ. ಎಣ್ಣೆಬಣ್ಣವನ್ನು ಗಾಜಿನ ಚೂರಿಗೋ ಪಾರದರ್ಶಕ ಹಾಳೆಗೋ ಹಚ್ಚಿ ಕೈಯ ಪಕ್ಕ ಹಿಡಿಯಿರಿ.)

ಐದನೇ ಹೆಜ್ಜೆ: ಒಂದನ್ನು ಬದಲಿಸಿ, ಉಳಿದುದನ್ನು ಹಾಗೇ ಇಡಿ

ಬುನಾದಿ ಆಯಿತು. ಈಗ ಸ್ಫೂರ್ತಿಯ ಪ್ರಶ್ನೆ. ಬೆಳಕು, ದೂರ, ಮುಖಭಾವ, ಪ್ರತಿಫಲಿಸುವ ವಸ್ತು, ಉಡುಪು, ಹೊತ್ತು, ಮಾಧ್ಯಮ, ಇವು ನಿಮ್ಮ ಕೈಯಲ್ಲಿರುವ ಅಂಶಗಳು. ಒಂದನ್ನು ಆರಿಸಿ ಆರೆಂಟು ಚಿತ್ರಗಳವರೆಗೆ ಅದನ್ನೇ ಬದಲಿಸುತ್ತಾ ಹೋಗಿ. ಹಾಳೆಯ ಅಳತೆ, ಮಾಧ್ಯಮ, ಭಂಗಿ ಒಂದೇ ಇರಲಿ. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ, ಸರಣಿಯೂ ಕಟ್ಟಿಕೊಳ್ಳುವುದಿಲ್ಲ.

ಬೆಳಕಿನಿಂದ ಶುರು ಮಾಡುವುದು ಸುಲಭ. ಬೆಳಗಿನ ಕಿಟಕಿ, ಮಳೆಗಾಲದ ಮೋಡದ ಬೆಳಕು, ಕರೆಂಟು ಹೋದಾಗಿನ ಮೇಣದಬತ್ತಿ, ಕತ್ತಲಲ್ಲಿ ಕೆಳಗಿನಿಂದ ಮುಖಕ್ಕೆ ಬೀಳುವ ಮೊಬೈಲ್ ಪರದೆಯ ಬೆಳಕು. ಮೇಣದಬತ್ತಿಯ ಹಳದಿ ಬೆಳಕಿನಲ್ಲಿ ಬಣ್ಣ ಕಲಸಿದರೆ ಬೆಳಿಗ್ಗೆ ನೋಡಿದಾಗ ಎಲ್ಲ ಬೇರೆಯೇ ಆಗಿರುತ್ತದೆ. ಆ ಹೊತ್ತಿನಲ್ಲಿ ಇದ್ದಿಲು ಮಾತ್ರ ಹಿಡಿಯಿರಿ.

ಮುಖಭಾವದ ಸರಣಿಗೆ ಡಚ್ ಚಿತ್ರಕಾರ ರೆಂಬ್ರಾಂಟ್‌ಗಿಂತ ಒಳ್ಳೆಯ ಗುರು ಸಿಗಲಾರ. 1630ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ, ಆತ ಕನ್ನಡಿ ಮುಂದೆ ನಕ್ಕು, ಗದರಿ, ಬಾಯಿ ತೆರೆದು, ಕಣ್ಣರಳಿಸಿ ಎಚಿಂಗ್‌ಗಳನ್ನು (ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಆಮ್ಲದಲ್ಲಿ ಅದ್ದಿ ತೆಗೆಯುವ ಮುದ್ರಣ) ಮಾಡಿದ. ಕಣ್ಣರಳಿಸಿದ ಚಿತ್ರದ ತಾಮ್ರದ ತಗಡು ಐದು ಸೆಂಟಿಮೀಟರಿನ ಆಸುಪಾಸು ಅಷ್ಟೇ. ಈ ಸಣ್ಣ ಅಳತೆ ಮುಖ್ಯ. ದೊಡ್ಡ ಕ್ಯಾನ್ವಾಸಿನೆದುರು ಭಂಗಿ ಬಿಗಿಯಾಗುತ್ತದೆ, ಬೆಂಕಿಪೊಟ್ಟಣದಷ್ಟು ಹಾಳೆಯಲ್ಲಿ ಆಟವಾಡಬಹುದು. ಒಂದು ಭಾವಕ್ಕೆ ಐದು ನಿಮಿಷ ಸಾಕು, ಮುಖದ ಸ್ನಾಯು ಅದಕ್ಕಿಂತ ಹೆಚ್ಚು ಹೊತ್ತು ಸುಳ್ಳಾಡದೆ ನಿಲ್ಲುವುದಿಲ್ಲ.

ಕನ್ನಡಿಯನ್ನೇ ಬದಲಿಸಿ ನೋಡಿ. ಇಟಲಿಯ ಪಾರ್ಮಿಜಾನಿನೊ ಸುಮಾರು 1524ರಲ್ಲಿ ಉಬ್ಬುಕನ್ನಡಿಯಲ್ಲಿ ಕಂಡ ತನ್ನನ್ನು ಬರೆದ. ಮುಂದಿರುವ ಕೈ ದೈತ್ಯನದು, ಕೋಣೆ ಬಿಲ್ಲಿನಂತೆ ಬಾಗಿದೆ. ನಮ್ಮ ಅಡುಗೆಮನೆಯ ಸ್ಟೀಲ್ ತಂಬಿಗೆ ಅದೇ ಕೆಲಸ ಮಾಡುತ್ತದೆ. ಸೌಟಿನ ಒಳಬದಿಯಲ್ಲಿ ಮುಖ ತಲೆಕೆಳಗು, ಹೊರಬದಿಯಲ್ಲಿ ನೆಟ್ಟಗೆ. ಆರಿಸಿದ ಟೀವಿ ಪರದೆಯಲ್ಲಿ ಮುಖ ಬರೀ ಒಂದು ಕಪ್ಪು ಆಕೃತಿ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಮುಖದ ಮೇಲೆ ಹೊರಗಿನ ಊರುಗಳ ದೀಪ ಹಾದುಹೋಗುತ್ತವೆ. ಅಲ್ಲಿ ಸಣ್ಣ ಟಿಪ್ಪಣಿ ಗೀಚಿಕೊಂಡು ಮನೆಗೆ ಬಂದು ನೆನಪಿನಿಂದ ಬರೆಯಬೇಕು. ಬೇಲೂರಿಗೆ ಹೋದವರು ದರ್ಪಣ ಸುಂದರಿಯನ್ನು ನೋಡದೆ ಬರುವುದಿಲ್ಲ. ಆದರೆ ಈ ಬಾರಿ ಸ್ಕೆಚ್‌ಬುಕ್ ಹಿಡಿದು ಆಕೆ ಕನ್ನಡಿಯನ್ನು ಹಿಡಿದ ಬಗೆ, ಕತ್ತು ವಾಲಿದ ಬಗೆ, ಸೊಂಟದ ಭಾರ ಯಾವ ಕಾಲಿಗೆ ಬಿದ್ದಿದೆ ಎಂಬುದನ್ನು ಬರೆದುಕೊಳ್ಳಿ. ತನ್ನನ್ನು ತಾನು ನೋಡಿಕೊಳ್ಳುವಾಗ ಇಡೀ ಮೈ ನೋಡುತ್ತದೆ ಎಂಬುದನ್ನು ಆ ಶಿಲ್ಪಿ ಬಲ್ಲವನಾಗಿದ್ದ. ನಾವು ಭುಜದಿಂದ ಕೆಳಗಿನದನ್ನು ಮರೆತುಬಿಡುತ್ತೇವೆ.

ಇನ್ನೊಂದು ದಾರಿ ವೇಷ. ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನಲ್ಲಿ ಓದಿ, 1934ರಲ್ಲಿ ತನ್ನನ್ನು ತಹಿತಿಯ ಹೆಣ್ಣಾಗಿ ಬರೆದುಕೊಂಡರು. ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್ ಬರೆದ, ಪೆಸಿಫಿಕ್ ದ್ವೀಪವಾದ ತಹಿತಿಯ ಹೆಂಗಸರ ಸಾಲಿಗೆ, ಬರೆಯುವವಳೇ ಬರೆಸಿಕೊಳ್ಳುವವಳೂ ಆಗಿ ಹೊಕ್ಕ ಚಿತ್ರ ಅದು. ಬೆಂಗಳೂರಿನಲ್ಲಿ ಹುಟ್ಟಿ ಬರೋಡದಲ್ಲಿ ಶಿಲ್ಪಕಲೆ ಓದಿದ ಎನ್. ಪುಷ್ಪಮಾಲಾ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ದಿಂದ 2004ರವರೆಗೆ ಮಾಡಿದ ಫೋಟೊ ಸರಣಿಯಲ್ಲಿ ರವಿವರ್ಮನ ಚಿತ್ರದ ಹೆಣ್ಣಾಗಿ, ಬ್ರಿಟಿಷರ ಕಾಲದ ಮಾನವಶಾಸ್ತ್ರದ ಫೋಟೊದಲ್ಲಿ ಅಳತೆಪಟ್ಟಿಯ ಮುಂದೆ ನಿಲ್ಲಿಸಲಾದ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಾಗಿ ತಾವೇ ನಿಂತರು. ನಮ್ಮನ್ನು ಇದುವರೆಗೆ ಯಾರು ಹೇಗೆ ಚಿತ್ರಿಸಿದ್ದಾರೆ ಎಂಬುದಕ್ಕೆ ಕೊಟ್ಟ ಉತ್ತರ ಅದು. ನೀವೂ ಕೇಳಿಕೊಳ್ಳಿ: ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಮದುವೆ ಆಲ್ಬಮ್ಮಿನಲ್ಲಿ, ಆಧಾರ್ ಕಾರ್ಡಿನಲ್ಲಿ ನಿಮ್ಮಂಥವರು ಹೇಗೆ ಕಾಣಿಸಿಕೊಂಡಿದ್ದಾರೆ? ಆ ಚೌಕಟ್ಟಿನೊಳಗೆ ನೀವು ನಿಂತರೆ ಏನು ಒಡೆಯುತ್ತದೆ?

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಪಾಠಶಾಲೆ ಹತ್ತಿರದಲ್ಲೇ ಇದೆ. ನವೆಂಬರಿನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟವಿರುತ್ತದೆ. ಅನುಮತಿ ಕೇಳಿ ಚೌಕಿಯಲ್ಲಿ (ವೇಷ ಕಟ್ಟಿಕೊಳ್ಳುವ ಜಾಗ) ಒಂದು ಸಂಜೆ ಕೂರಿ. ಕಲಾವಿದರು ಕೈಗನ್ನಡಿ ಹಿಡಿದು ತಮ್ಮ ಮುಖವರ್ಣಿಕೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ (ಮುಖದ ಮೇಲೆ ಉಬ್ಬಾಗಿ ಇಡುವ ಬಿಳಿ ಚುಕ್ಕೆಗಳು) ಇಡುತ್ತಾ ಹೋದಂತೆ ಮುಖ ಒಂದು ಉಬ್ಬುಶಿಲ್ಪವಾಗುತ್ತದೆ. ತನ್ನ ಮುಖವನ್ನೇ ಹಾಳೆ ಮಾಡಿಕೊಂಡು ದಿನವೂ ಬರೆಯುವ ಇವರ ಕೈಚಳಕವನ್ನು ಸ್ವ-ಭಾವಚಿತ್ರಕಾರ ನೋಡಿರಲೇಬೇಕು. ವೇಷವನ್ನು ನಕಲು ಮಾಡುವುದು ಬೇಡ. ಅವರು ಮುಖವನ್ನು ಯಾವ ಗೆರೆಗಳಲ್ಲಿ ಭಾಗ ಮಾಡುತ್ತಾರೆ, ಕಣ್ಣನ್ನು ದೂರದ ಪ್ರೇಕ್ಷಕನಿಗೆ ಕಾಣುವಂತೆ ಹೇಗೆ ಎಳೆಯುತ್ತಾರೆ ಎಂಬುದನ್ನು ಬರೆದುಕೊಂಡು, ಅದೇ ಭಾಗಗಳನ್ನು ನಿಮ್ಮ ಮುಖದ ಚಿತ್ರದಲ್ಲಿ ಬಣ್ಣದ ಪ್ರದೇಶಗಳಾಗಿ ಪ್ರಯತ್ನಿಸಿ.

ಮುಖವೇ ಇಲ್ಲದ ಸ್ವ-ಭಾವಚಿತ್ರವೂ ಸಾಧ್ಯ. ನಿಮ್ಮ ಎಡಗೈ, ನಿಮ್ಮ ಚಪ್ಪಲಿಯ ಸವೆತ, ಟ್ರಂಕಿನೊಳಗಿನ ಸಾಮಾನು, ಅಜ್ಜಿಯ ಹಳೆಯ ಫೋಟೊದಲ್ಲಿ ಕಾಣುವ ನಿಮ್ಮದೇ ಮೂಗು. ಕಣ್ಣು ಮುಚ್ಚಿ ಒಂದು ಕೈಯಿಂದ ಮುಖ ತಡವುತ್ತಾ ಇನ್ನೊಂದರಿಂದ ಬರೆದರೆ ಕನ್ನಡಿ ಎಂದೂ ಹೇಳದ ಸಂಗತಿಗಳು ಬರುತ್ತವೆ. ದವಡೆಯ ಗಡಸು, ಕಣ್ಣಗುಳಿಯ ಆಳ.

ದೀರ್ಘಕಾಲದ ಸರಣಿ

ಜರ್ಮನಿಯ ಕೇಟೆ ಕೊಲ್ವಿಟ್ಸ್ ಯೌವನದಿಂದ ಎಪ್ಪತ್ತು ದಾಟುವವರೆಗೆ ರೇಖಾಚಿತ್ರ, ಮುದ್ರಣ, ಶಿಲ್ಪ ಎಲ್ಲ ಸೇರಿ ನೂರರಷ್ಟು ಸ್ವ-ಭಾವಚಿತ್ರ ಮಾಡಿದಳು. ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಯುದ್ಧದಲ್ಲಿ ಸತ್ತ. ಆ ನಂತರದ ಮುಖಗಳನ್ನು ಮೊದಲಿನವುಗಳ ಪಕ್ಕ ಇಟ್ಟು ನೋಡಿ. ದುಃಖವನ್ನು ಆಕೆ ಕಣ್ಣೀರಿನಿಂದ ಹೇಳುವುದಿಲ್ಲ. ಹಣೆಗೆ ಒತ್ತಿದ ಕೈ, ಜೋತ ರೆಪ್ಪೆ, ತಲೆಯ ಭಾರ ಅದನ್ನು ಹೇಳುತ್ತವೆ. ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಹ್ಲೊ 1925ರ ಬಸ್ ಅಪಘಾತದ ನಂತರ ಹಾಸಿಗೆಯಲ್ಲಿ ಮಲಗಿದ್ದಾಗ ಮೇಲೆ ಕಟ್ಟಿದ ಕನ್ನಡಿಯಲ್ಲಿ ತನ್ನನ್ನು ನೋಡುತ್ತಾ ಬರೆದಳು. ಇವರ ಬದುಕಿನ ನೋವನ್ನು ಎರವಲು ತರಬೇಕಾಗಿಲ್ಲ. ಅವರಿಂದ ಕಲಿಯಬೇಕಾದದ್ದು ಬಿಡದೆ ಮರಳಿ ಬರುವ ಅಭ್ಯಾಸ. ವಾರಕ್ಕೊಂದು ದಿನ, ಒಂದೇ ಹೊತ್ತು, ಒಂದೇ ಅಳತೆಯ ಹಾಳೆ. ಹಿಂದೆ ತಾರೀಖು, ಹೊತ್ತು, ಆ ದಿನ ಮೈಮನಸ್ಸು ಹೇಗಿತ್ತು ಎಂಬ ಒಂದು ಸಾಲು. ವರ್ಷ ಕಳೆದ ಮೇಲೆ ಮಾತ್ರ ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿ.

ಒಂದು ಎಚ್ಚರಿಕೆ ಹೇಳಬೇಕು. ದಿನಗಟ್ಟಲೆ ತನ್ನನ್ನೇ ನೋಡಿಕೊಳ್ಳುವುದು ಕೆಲವರಿಗೆ ಹಿಂಸೆಯಾಗುತ್ತದೆ. ಮೊಡವೆ, ತೂಕ, ಹಲ್ಲು, ಕೂದಲು ಬಿಟ್ಟು ಬೇರೇನೂ ಕಾಣದಂತಾಗುತ್ತದೆ. ಆಗ ಕನ್ನಡಿಯ ಚಿತ್ರ ನಿಲ್ಲಿಸಿ ನೆರಳಿನ, ಕೈಯ, ವಸ್ತುವಿನ ಸರಣಿಗೆ ಹೊರಳಿ, ನಂಬುಗೆಯ ಗುರುಗಳೊಂದಿಗೋ ಗೆಳೆಯರೊಂದಿಗೋ ಮಾತಾಡಿ. ಜ್ಯೂರಿಯಲ್ಲಿ (ತರಗತಿಯ ಮುಂದೆ ಕೆಲಸವನ್ನು ವಿಮರ್ಶಿಸುವ ಸಭೆ) ಇನ್ನೊಬ್ಬರ ಸ್ವ-ಭಾವಚಿತ್ರದ ಬಗ್ಗೆ ಹೇಳುವಾಗ "ನಿನ್ನ ಮೂಗು" ಎನ್ನದೆ "ಈ ಚಿತ್ರದ ಮೂಗು" ಎನ್ನುವ ರೂಢಿ ಎಲ್ಲ ತರಗತಿಗೂ ಬರಲಿ.

ಕೊನೆಯ ಹೆಜ್ಜೆ: ಆಯ್ಕೆ ಮತ್ತು ಪ್ರದರ್ಶನ

ಬರೆದದ್ದರಲ್ಲಿ ಮೂರರಲ್ಲೊಂದು ಭಾಗ ಮಾತ್ರ ಗೋಡೆಗೆ ಹೋಗಲಿ. ಚೆನ್ನಾಗಿ ಬಂದದ್ದನ್ನಷ್ಟೇ ಆರಿಸುವ ಬದಲು ಪಕ್ಕದ ಚಿತ್ರದೊಂದಿಗೆ ಮಾತಾಡುವುದನ್ನು ಆರಿಸಿ. ಸೊಟ್ಟ ಗೆರೆಯ ಸ್ಕೆಚ್ಚೊಂದು ಮುಗಿಸಿದ ತೈಲಚಿತ್ರದ ಪಕ್ಕದಲ್ಲಿ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಸಾಲಾಗಿ ತೂಗುಹಾಕುವಾಗ ಎಲ್ಲದರಲ್ಲೂ ಕಣ್ಣಿನ ಗೆರೆ ಒಂದೇ ಎತ್ತರಕ್ಕೆ ಬರುವಂತೆ ನೋಡಿ, ಚೌಕಟ್ಟಿನ ಮೇಲಂಚು ಏರುಪೇರಾದರೂ ಸರಿ. ಟಿಪ್ಪಣಿಯಲ್ಲಿ "ನನ್ನ ಅಸ್ಮಿತೆಯ ಹುಡುಕಾಟ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನನ್ನು ಬದಲಿಸಿದಿರಿ, ಏನನ್ನು ಹಾಗೇ ಇಟ್ಟಿರಿ, ಏನು ಕಂಡಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿ.

ಪೋರ್ಟ್‌ಫೋಲಿಯೊಗೆ ಫೋಟೊ ತೆಗೆಯುವಾಗ ಚಿತ್ರವನ್ನು ಗೋಡೆಗೆ ನೆಟ್ಟಗೆ ಅಂಟಿಸಿ, ನೇರ ಬಿಸಿಲಿಲ್ಲದ ಹಗಲು ಬೆಳಕಿನಲ್ಲಿ, ಕ್ಯಾಮೆರಾವನ್ನು ಚಿತ್ರದ ಮಧ್ಯಕ್ಕೆ ಸರಿಯಾಗಿ ಹಿಡಿದು ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಹೆಸರು, ಮಾಧ್ಯಮ, ಅಳತೆ (ಎತ್ತರ ಮೊದಲು, ಆಮೇಲೆ ಅಗಲ), ಇಸವಿ ಬರೆದಿಡಿ. ಇದ್ದಿಲಿನ ಚಿತ್ರಗಳಿಗೆ ಬಯಲಲ್ಲಿ ನಿಂತು ಫಿಕ್ಸೆಟಿವ್ (ಇದ್ದಿಲಿನ ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆದು, ಒಣಗಿದ ಮೇಲೆ ನಡುವೆ ಬಟರ್ ಪೇಪರ್ ಇಟ್ಟು ಫೋಲ್ಡರಿನಲ್ಲಿ ಚಪ್ಪಟೆಯಾಗಿಯೇ ಇಡಿ. ಸುರುಳಿ ಸುತ್ತಿ ಬಸ್ಸಿನಲ್ಲಿ ಒಯ್ದರೆ ತಿಕ್ಕಾಟಕ್ಕೆ ಟೋನ್ ಉದುರುತ್ತದೆ.